ಲೇಖಗುಣ ವಿಚಾರ: ಅರ್ಥಶಾಸ್ತ್ರದ ವಿಧಿಯೂ ಕನ್ನಡನಾಡಿನ ರೂಢಿಯೂ

೧

ಕಾವ್ಯದ ಗುಣದೋಷಗಳನ್ನು ಕುರಿತು ನಮ್ಮ ಪೂರ್ವಿಕರು ಬರೆದಿರುವ ಗ್ರಂಥಗಳು ಅನೇಕವಾಗಿವೆ. ಅವುಗಳನ್ನು ವಿದ್ವಾಂಸರು ಶೋಧಿಸಿ, ಮುದ್ರಿಸಿ, ಪಾಠ ಹೇಳುತ್ತ ಬಂದಿದ್ದಾರೆ. ಆದರೆ ರಾಜ್ಯದ ಆಜ್ಞೆ, ಅಧಿಕಾರಿಯ ಬಿನ್ನಹ, ವರ್ತಕನ ಸಾಲಪತ್ರ, ಊರಿನ ಲೆಕ್ಕ ಮೊದಲಾದ ವ್ಯವಹಾರದ ಬರೆಹಕ್ಕೂ ಗುಣದೋಷವಿಚಾರವೊಂದು ಉಂಟೆಂಬುದನ್ನು ಸಾಹಿತ್ಯದ ಅಭ್ಯಾಸಿಗಳು ಅಷ್ಟಾಗಿ ಗಮನಿಸಿಲ್ಲ. ಸ್ಪಷ್ಟವಾಗಿಯೂ ಕ್ರಮವಾಗಿಯೂ ಕಾರ್ಯಸಾಧಕವಾಗಿಯೂ ಪತ್ರವನ್ನು ಬರೆಯುವ ಕಲೆ ಇಂಗ್ಲಿಷರ ಕಚೇರಿಗಳೊಡನೆ ಈ ನಾಡಿಗೆ ಬಂದಿತೆಂಬ ಭಾವನೆಯೂ ಕೆಲವರಲ್ಲಿ ಉಂಟು. ಈ ಭಾವನೆ ಸರಿಯೆ ಎಂಬುದನ್ನು ಪರಿಶೀಲಿಸುವುದಕ್ಕೆ ಸಾಕಾದಷ್ಟು ಸಾಮಗ್ರಿ ಇದೆ. ಆ ಸಾಮಗ್ರಿಯಲ್ಲಿ ಮುಖ್ಯವಾದದ್ದು ಬೆಳಕಿಗೆ ಬಂದುದು ಮೈಸೂರಿನಲ್ಲಿಯೇ ಎಂಬುದು ಸಂತೋಷದ ಸಂಗತಿ.

ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಒಪ್ಪಿಸಿದ ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಈ ಗ್ರಂಥವನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದರು; ೧೯೧೫ರಲ್ಲಿ ಅದರ ಇಂಗ್ಲಿಷ್ ಭಾಷಾಂತರವೂ ಹೊರಬಿದ್ದಿತು. ಮೊದಲು ಇದನ್ನು ಮೌರ್ಯ ಚಂದ್ರಗುಪ್ತನ ಕಾಲದ್ದೆಂದು ಎಣಿಸುವ ವಾಡಿಕೆಯಿತ್ತು. ಗ್ರಂಥ ಒಬ್ಬನ ಕೈಯಿಂದ ಒಮ್ಮೆಗೇ ಬಂದುದಲ್ಲವೆಂದೂ, ಈಗಿನ ರೂಪ ಕ್ರಿಸ್ತಶಕದ ಮೊದಲ ಶತಮಾನಗಳ ಆಸುಪಾಸಿನದೆಂದೂ ಇತ್ತೀಚಿನ ವಿದ್ವಾಂಸರಲ್ಲಿ ಹಲವರು ಅಭಿಪ್ರಾಯಪಡುತ್ತಾರೆ. ಕಾಲದ ಚರ್ಚೆ ಹೇಗೇ ಇರಲಿ, ಇದರ ಎರಡನೆಯ ಅಧಿಕರಣದ ಹತ್ತನೆಯ ಅಧ್ಯಾಯ ಪ್ರಕೃತ ವಿಷಯಕ್ಕೆ ಮೂಲಾಧಾರವಾದುದು. ಅದಕ್ಕೆ ಶಾಸನಾಧಿಕಾರವೆಂದು ಹೆಸರು. ಇಲ್ಲಿ ಶಾಸನವೆಂದರೆ ಕಲ್ಲಿನ ಬರೆಹವೆಂದಷ್ಟೇ ಅರ್ಥವಲ್ಲ; ರಾಜನ ಹೆಸರಿನಲ್ಲಿ ಹೊರಡುವ ಪತ್ರವೆಲ್ಲವೂ ಶಾಸನವೇ.

೨

ರಾಜರಿಗೆ ಶಾಸನವೇ ಪ್ರಧಾನ, ಏಕೆಂದರೆ ಸಂಧಿಗೂ ವಿಗ್ರಹಕ್ಕೂ ಮೂಲ ಅದೇ ಎಂಬ ಅಭಿಪ್ರಾಯದಿಂದ ಆ ಅಧ್ಯಾಯ ಮೊದಲಾಗುವುದು. ಇದು ಉಪೇಕ್ಷಿಸತಕ್ಕ ಮಾತಲ್ಲ. ಪತ್ರದಲ್ಲಿ ಒಂದು ಪದ ಕೆಟ್ಟರೆ ಸ್ನೇಹ ಕೆಡಬಹುದು, ಯುದ್ಧ ಬರಬಹುದು. ಆದುದರಿಂದ ಲೇಖಕನ ಪದವಿ ಕೈಬರೆಹ ಬಲ್ಲವನಿಗೆಲ್ಲ ಸಲ್ಲತಕ್ಕದ್ದಲ್ಲ. ಅವನು ಅಮಾತ್ಯನಿಗೆ ಇರಬೇಕಾದ ಗುಣಗಳನ್ನು ಪಡೆದಿರಬೇಕು. ಎಲ್ಲ ಸಂಪ್ರದಾಯಗಳನ್ನೂ ಬಲ್ಲವನಾಗಿರಬೇಕು. ಬೇಗ ರಚಿಸಬಲ್ಲವನೂ ಅಂದವಾಗಿ ಬರೆಯಬಲ್ಲವನೂ ಬರೆದುದನ್ನು ಓದಬಲ್ಲವನೂ ಆಗಿರಬೇಕು.

ಇಂಥವನು ಮೊದಲು ಮಾಡಬೇಕಾದ ಕಾರ್ಯ ಬರೆಯುವುದಲ್ಲ, ಕೇಳುವುದು. ರಾಜನ ಸಂದೇಶವನ್ನು ಮನಸ್ಸು ಬೇರೆಡೆಗೆ ಹರಿಯದಂತೆ ಕೇಳಿ, ಅರ್ಥವನ್ನು ನಿಶ್ಚಯಿಸಿಕೊಂಡು, ಆ ಬಳಿಕ ಲೇಖವನ್ನು ರಚಿಸಬೇಕೆಂದು ವಿಧಿ. ಅನಂತರ ಪತ್ರವನ್ನು ಪಡೆಯುವವನ ವಿಚಾರ. ಅವನು ಒಡೆಯನಾದರೆ ದೇಶ, ಐಶ್ವರ್ಯ, ವಂಶ, ನಾಮಧೇಯಗಳನ್ನು ಹೇಳಿ ಉಪಚರಿಸಬೇಕು. ಒಡೆಯನಲ್ಲದವನಾದರೆ ದೇಶ ಮತ್ತು ನಾಮಧೇಯಗಳಷ್ಟೇ ಸಾಕು. ಅವನ ಜಾತಿ, ಕುಲ, ಸ್ಥಾನ, ವಯಸ್ಸು, ವಿದ್ಯೆ, ವೃತ್ತಿ, ಸಂಪತ್ತು, ಶೀಲ ಇವುಗಳನ್ನೂ, ದೇಶಕಾಲಗಳನ್ನೂ, ಸಂಬಂಧವಿದ್ದರೆ ಅದನ್ನೂ ಎಣಿಸಿ ಆ ಪುರುಷನಿಗೆ ಅನುರೂಪವಾದ ಲೇಖವನ್ನು ಮಾಡಬೇಕು. ಬರೆಯುವವನ ಪಾಂಡಿತ್ಯ ಎಷ್ಟೆಂಬುದು ಇಲ್ಲಿ ಪ್ರಶ್ನೆಯಾಗಿಲ್ಲ. ಓದುವವನು ಯಾರು ಎಂಬುದೇ ಪ್ರಶ್ನೆ.

ಇದಾದ ಮೇಲೆ ಶಾಸ್ತ್ರಕಾರನು ವರ್ಣ, ಪದ, ವಾಕ್ಯಗಳ ಲಕ್ಷಣಕ್ಕೆ ಬರುತ್ತಾನೆ. ಅಕಾರ ಮೊದಲಾದ ವರ್ಣಗಳು ೬೩; ವರ್ಣಸಂಘಾತವೇ ಪದ; ನಾಮ, ಆಖ್ಯಾತ, ಉಪಸರ್ಗ, ನಿಪಾತಗಳೆಂದು ಪದ ನಾಲ್ಕು ವಿಧ; ಅರ್ಥ ಪೂರ್ಣವಾಗುವಷ್ಟು ಪದಗಳ ಸಮೂಹವೇ ವಾಕ್ಯ. ಪದಗಳನ್ನು ಬಿಡಿಸಿ ನಿಲ್ಲಿಸುವ ವರ್ಗವು ಒಂದು ಪದಕ್ಕೆ ಕಡಮೆಯಾಗದೆ, ಮೂರು ಪದಗಳನ್ನು ಮೀರದೆ, ಮುಂದಿನ ಪದದ ಅರ್ಥಕ್ಕೆ ಅಡ್ಡಿ ಬಾರದಂತೆ ಇರಬೇಕು. ಪತ್ರ ಮುಗಿಯಿತೆಂಬುದಕ್ಕೆ ಇತಿ ಎಂಬ ಗುರುತು ಬೇಕು. ರಾಜ್ಯಭಾರವನ್ನು ಹೇಳಹೊರಟ ಗ್ರಂಥದೊಳಗೆ ವ್ಯಾಕರಣಕ್ಕೆ ಈ ಸ್ಥಾನ ದೊರೆತಿರುವುದು ಆಕಸ್ಮಿಕವಲ್ಲ. ಭಾಷೆ ಸಡಿಲವಾದ ಕಡೆ ಆಜ್ಞೆಯೂ ಸಡಿಲವಾಗುವುದೆಂಬುದು ಅವನ ಆಶಯ.

೩

ಲೇಖಕ್ಕೆ ಆರು ಗುಣಗಳನ್ನು ಅರ್ಥಶಾಸ್ತ್ರ ಹೇಳುತ್ತದೆ: ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ. ವಿಷಯಗಳನ್ನು ತಕ್ಕ ಆನುಪೂರ್ವಿಯಲ್ಲಿ ಇಟ್ಟು, ಪ್ರಧಾನವಾದುದನ್ನು ಮೊದಲು ಹೇಳುವುದು ಅರ್ಥಕ್ರಮ. ಮೊದಲು ಹೇಳಿದುದಕ್ಕೆ ಬಾಧಕ ಬಾರದಂತೆ ಮುಂದಿನದನ್ನು ಕೊನೆಯವರೆಗೆ ನಡೆಸುವುದು ಸಂಬಂಧ. ಅರ್ಥದಲ್ಲಾಗಲಿ ಪದದಲ್ಲಾಗಲಿ ಅಕ್ಷರದಲ್ಲಾಗಲಿ ಕೊರತೆಯೂ ಇಲ್ಲದೆ ಹೆಚ್ಚಳವೂ ಇಲ್ಲದೆ, ಹೇತು, ಉದಾಹರಣೆ, ದೃಷ್ಟಾಂತಗಳಿಂದ ವಿಷಯವನ್ನು ವರ್ಣಿಸಿ, ಬಳಲಿದ ಪದಗಳನ್ನು ಬಿಡುವುದು ಪರಿಪೂರ್ಣತೆ. ಸುಲಭವಾಗಿ ಮನಸ್ಸಿಗೆ ಬರುವ ಚೆಲುವಾದ ಅರ್ಥವುಳ್ಳ ಶಬ್ದಗಳನ್ನು ಪ್ರಯೋಗಿಸುವುದು ಮಾಧುರ್ಯ. ಗ್ರಾಮ್ಯವಲ್ಲದ ಶಬ್ದಗಳನ್ನಾಡುವುದು ಔದಾರ್ಯ. ಎಲ್ಲರಿಗೂ ಪ್ರತೀತವಾದ ಶಬ್ದಗಳನ್ನು ಬಳಸುವುದು ಸ್ಪಷ್ಟತ್ವ.

ದೋಷಗಳು ಐದು. ಹಾಳೆ ಕಪ್ಪಾಗಿರುವುದು, ಅಕ್ಷರ ಅಂದಗೆಟ್ಟು ಏರುಪೇರಾಗಿಯೋ ಬಣ್ಣ ಮಾಸಿಯೋ ಇರುವುದು ಅಕಾಂತಿ. ಹಿಂದಿನದಕ್ಕೂ ಮುಂದಿನದಕ್ಕೂ ಹೊಂದಿಕೆಯಿಲ್ಲದಿರುವುದು ವ್ಯಾಘಾತ. ವಿಶೇಷವೇನೂ ಇಲ್ಲದೆ ಹೇಳಿದ್ದನ್ನೇ ಹೇಳುವುದು ಪುನರುಕ್ತ. ಲಿಂಗ, ವಚನ, ಕಾಲ, ಕಾರಕಗಳನ್ನು ತಪ್ಪಾಗಿ ಪ್ರಯೋಗಿಸುವುದು ಅಪಶಬ್ದ. ವರ್ಗ ಮಾಡಬಾರದ ಕಡೆ ಮಾಡಿ, ಮಾಡಬೇಕಾದ ಕಡೆ ಬಿಟ್ಟು ಗುಣಗಳನ್ನೆಲ್ಲ ತಲೆಕೆಳಗು ಮಾಡುವುದು ಸಂಪ್ಲವ.

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಈ ಪಟ್ಟಿ ಅಪರಿಚಿತವೆಂದು ತೋರುವುದಿಲ್ಲ. ದಂಡಿ ಹೇಳುವ ಹತ್ತು ದೋಷಗಳಲ್ಲಿ ವ್ಯರ್ಥವೆಂಬುದು ಪೂರ್ವಾಪರವಿರೋಧ. ಇದು ಕೌಟಿಲ್ಯನ ವ್ಯಾಘಾತ. ದಂಡಿಯ ಏಕಾರ್ಥ ಇಲ್ಲಿಯ ಪುನರುಕ್ತ. ಶಬ್ದಹೀನ ಇಲ್ಲಿಯ ಅಪಶಬ್ದ. ಅಪಕ್ರಮ ಅರ್ಥಕ್ರಮಕ್ಕೆ ನೇರವಾದ ವಿರೋಧಿ. ಗುಣಗಳಲ್ಲಿಯೂ ಹೀಗೆಯೇ. ದಂಡಿಯ ಪ್ರಸಾದದ ಲಕ್ಷಣ ಪ್ರಸಿದ್ಧವಾದ ಅರ್ಥವುಳ್ಳದ್ದಾಗಿರುವುದು. ಪ್ರತೀತಶಬ್ದಪ್ರಯೋಗವಾದ ಸ್ಪಷ್ಟತ್ವಕ್ಕೂ ಇದಕ್ಕೂ ಇರುವ ಅಂತರ ಅಲ್ಪ. ಅರ್ಥವನ್ನು ಹೊರಗಿನಿಂದ ತಂದು ತುಂಬಬೇಕಾಗದಿರುವುದೇ ಅರ್ಥವ್ಯಕ್ತಿಯೆಂಬ ಗುಣವಾದರೆ, ಕೊರತೆಯಿಲ್ಲದ ಪರಿಪೂರ್ಣತೆ ಅದರ ನೆರೆಯದು. ಮಾಧುರ್ಯ ಮತ್ತು ಔದಾರ್ಯಗಳಲ್ಲಿ ಹೆಸರು ಒಂದೇ ಆದರೂ ಅರ್ಥ ಬೇರೆಯಾಗುತ್ತದೆ. ದಂಡಿಯ ಮಾಧುರ್ಯ ರಸಕ್ಕೆ ಸೇರಿದುದು, ಕೌಟಿಲ್ಯನದು ತಿಳಿವಿನ ಸೌಲಭ್ಯಕ್ಕೆ. ದಂಡಿಯ ಉದಾರತ್ವ ಉತ್ಕರ್ಷವನ್ನು ಸೂಚಿಸುವುದು, ಕೌಟಿಲ್ಯನದು ಮರ್ಯಾದೆಯ ಮಾತನ್ನು.

ಕನ್ನಡಕ್ಕೆ ಇದರಿಂದ ಬರುವ ಪ್ರಯೋಜನವೇನೆಂದರೆ: ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ. ಶ. ೯ನೆಯ ಶತಮಾನದಲ್ಲಿ, ದಂಡಿಯ ಮಾರ್ಗವನ್ನು ಬಹುಮಟ್ಟಿಗೆ ಅನುಸರಿಸಿ ಹುಟ್ಟಿದ ಕವಿರಾಜಮಾರ್ಗವು ತನ್ನ ಮೊದಲನೆಯ ಪರಿಚ್ಛೇದವನ್ನು ದೋಷಾದೋಷಗಳ ನಿರ್ಣಯಕ್ಕೇ ಮೀಸಲಿಟ್ಟಿದೆ. ನಮ್ಮ ಭಾಷೆಯಲ್ಲಿ ಉಳಿದು ಬಂದ ಮೊದಲ ಗ್ರಂಥವೇ ಕ್ರಮ, ಹೊಂದಿಕೆ, ಶುದ್ಧಿಗಳನ್ನು ಕೇಳುವ ಗ್ರಂಥ. ಈ ವಿವೇಕ ಕವಿಗಳಿಗೆ ಮಾತ್ರ ಸೇರಿದ್ದೆಂದು ಭಾವಿಸಿ ವ್ಯವಹಾರದ ಬರೆಹವನ್ನು ಹೊರಗಿಟ್ಟವರು ಆಧುನಿಕರು. ಪ್ರಾಚೀನರಲ್ಲಿ ಎರಡಕ್ಕೂ ಬೇರು ಒಂದೇ ಆಗಿತ್ತು.

೪

ಪತ್ರದ ಪ್ರಯೋಜನವನ್ನು ಬರೆಯುವುದಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಬೇಕೆಂಬುದು ಕೌಟಿಲ್ಯನ ಮತ್ತೊಂದು ನಿಯಮ. ನಿಂದೆ, ಪ್ರಶಂಸೆ, ಪ್ರಶ್ನೆ, ಆಖ್ಯಾನ, ಯಾಚನೆ, ನಿರಾಕರಣ, ಉಪಾಲಂಭ, ಪ್ರತಿಷೇಧ, ಪ್ರೇರಣೆ, ಸಾಂತ್ವನ, ಸಹಾಯವಚನ, ಬೆದರಿಕೆ, ಅನುನಯ ಎಂದು ೧೩ ಅರ್ಥಗಳಲ್ಲಿ ಲೇಖ ಪ್ರವರ್ತಿಸುವುದು. ಶಾಸನದ ಪ್ರಭೇದಗಳು ಎಂಟು: ತಿಳಿಯಪಡಿಸುವ ಪ್ರಜ್ಞಾಪನ, ನಿಗ್ರಹ ಅನುಗ್ರಹಗಳ ಆಜ್ಞೆ, ಯೋಗ್ಯರಿಗೆ ಸಲ್ಲಿಸುವ ಪರಿದಾನ, ಜಾತಿಗೋ ಊರಿಗೋ ಪ್ರಾಂತಕ್ಕೋ ತೆರಿಗೆ ಬಿಡುವ ಪರಿಹಾರ, ಅಧಿಕಾರವನ್ನು ವಹಿಸುವ ನಿಸೃಷ್ಟಿ, ನಡೆದ ಸಂಗತಿಗಳನ್ನು ಅರಿಕೆಮಾಡುವ ಪ್ರಾವೃತ್ತಿಕ, ಉತ್ತರವಾದ ಪ್ರತಿಲೇಖ, ಎಲ್ಲೆಡೆಯೂ ತಿಳಿಯಬೇಕಾದ ಸರ್ವತ್ರಗ. ಪ್ರತಿಲೇಖದ ವಿಷಯದಲ್ಲಿ ಕೊಟ್ಟಿರುವ ಕ್ರಮ ಈಗಲೂ ಕಚೇರಿಗಳಿಗೆ ಒಪ್ಪುವಂಥದು. ಬಂದ ಪತ್ರವನ್ನು ಇದ್ದುದು ಇದ್ದಂತೆ ನೋಡಿ, ಅದನ್ನು ರಾಜನಿಗೆ ಓದಿ ಹೇಳಿ, ಅವನ ಮಾತು ಹೇಗೋ ಹಾಗೆಯೇ ಉತ್ತರವನ್ನು ಬರೆಯಬೇಕು.

ಲೆಕ್ಕಪತ್ರಗಳ ವಿಷಯ ಇದೇ ಅಧಿಕರಣದ ಅಕ್ಷಪಟಲದ ಅಧ್ಯಾಯದಲ್ಲಿದೆ. ಅಲ್ಲಿ ದೋಷಕ್ಕೆ ದಂಡವನ್ನೇ ಇಟ್ಟಿದ್ದಾನೆ. ಕ್ರಮ ತಪ್ಪಿ, ಹಿಂದುಮುಂದಾಗಿ, ಅರ್ಥವಾಗದಂತೆ ಅಥವಾ ಎರಡು ಸಲ ಲೆಕ್ಕವನ್ನು ಬರೆದ ಕರಣಿಕನಿಗೆ ೧೨ ಪಣಗಳ ದಂಡ. ಉಳಿಕೆಯ ಮೊತ್ತವನ್ನು ಹೀಗೆ ಕೆಡಿಸಿ ಬರೆದರೆ ಅದರ ಇಮ್ಮಡಿ, ತಿಂದುಹಾಕಿದರೆ ಎಂಟುಮಡಿ. ಸುಳ್ಳು ಹೇಳಿದರೆ ಕಳ್ಳನಿಗೆ ಆಗುವ ದಂಡ. ಇದರಿಂದ ಅರ್ಥವಾಗದ ಬರೆಹವನ್ನು ಬರಿಯ ಶೈಲಿಯ ಕುಂದೆಂದು ಅವನು ಎಣಿಸಲಿಲ್ಲವೆಂಬುದು ಸ್ಪಷ್ಟ. ಅಸ್ಪಷ್ಟತೆ ಮೋಸದ ನೆರೆಮನೆಯಲ್ಲಿ ವಾಸಿಸುವುದೆಂಬುದನ್ನು ಅವನು ಚೆನ್ನಾಗಿ ಬಲ್ಲನು.

ಆದರೂ ಒಂದು ಮಾತನ್ನು ಮರೆಯತಕ್ಕದ್ದಲ್ಲ. ಕೌಟಿಲ್ಯನ ಲೇಖಗುಣಗಳು ರಾಜನ ಕಾರ್ಯಕ್ಕಾಗಿ ಹುಟ್ಟಿದುವು. ಅದೇ ಅಧ್ಯಾಯದಲ್ಲಿ ಸಾಮ, ದಾನ, ಭೇದ, ದಂಡಗಳೆಂಬ ಉಪಾಯಗಳೂ ವಿವರಿಸಲ್ಪಟ್ಟಿವೆ. ಪತ್ರ ನೀತಿಯ ಆಯುಧ. ಆಯುಧ ಹರಿತವಾದ ಮಾತ್ರಕ್ಕೆ ಅದನ್ನು ಹಿಡಿದವನ ಉದ್ದೇಶ ಒಳ್ಳೆಯದೆಂದಾಗುವುದಿಲ್ಲ. ಪ್ರಜೆಗೆ ಈ ಗುಣಗಳಿಂದ ರಕ್ಷೆ ದೊರೆಯಬೇಕಾದರೆ ಅವು ಧರ್ಮಶಾಸ್ತ್ರದ ವ್ಯವಹಾರಕಾಂಡಕ್ಕೆ ಬರಬೇಕಾಗಿತ್ತು. ಅಲ್ಲಿಗೆ ಬಂದುವು. ಬಂದ ಗ್ರಂಥಗಳಲ್ಲಿ ಹಿರಿದಾದುದು ಕನ್ನಡನಾಡಿನ ರಾಜಧಾನಿಯಲ್ಲಿ ರಚಿತವಾಯಿತು.

೫

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. ೧೦೭೬ರಿಂದ ೧೧೨೬ರವರೆಗೆ ಆಳಿದನು. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಮಿತಾಕ್ಷರವೆಂಬ ಹೆಸರೇ ಪ್ರಕೃತ ವಿಚಾರಕ್ಕೆ ಒಪ್ಪುವಂತಿದೆ.

ದಾನಶಾಸನದಲ್ಲಿ ದಾನಿಯ ವಂಶ, ದಾನಿ, ಕೊಟ್ಟ ವಸ್ತುವಿನ ಪರಿಮಾಣ, ಎಲ್ಲೆ, ಕಾಲ, ಮುದ್ರೆ, ಸ್ವಹಸ್ತ ಇವೆಲ್ಲವೂ ಇರಬೇಕೆಂದು ಸ್ಮೃತಿ ವಿಧಿಸುತ್ತದೆ. ಇದನ್ನು ಬರೆಯತಕ್ಕವನು ಸಂಧಿವಿಗ್ರಹಗಳನ್ನು ನೋಡಿಕೊಳ್ಳುವ ಅಧಿಕಾರಿಯೇ ಹೊರತು ಸಿಕ್ಕಿದವನಲ್ಲವೆಂಬ ಅರ್ಥದ ಸ್ಮೃತಿವಚನವನ್ನು ವಿಜ್ಞಾನೇಶ್ವರನು ಉದಾಹರಿಸುತ್ತಾನೆ. ಶಾಸನವೇ ಸಂಧಿವಿಗ್ರಹಗಳಿಗೆ ಮೂಲವೆಂಬ ಅರ್ಥಶಾಸ್ತ್ರದ ಮಾತಿಗೂ ಈ ವಚನಕ್ಕೂ ಇರುವ ಹೊಂದಿಕೆ ಗಮನಾರ್ಹ. ಇದು ಬರಿಯ ಗ್ರಂಥಸ್ಥವಾದ ವಿಧಿಯೂ ಅಲ್ಲ. ಮಿತಾಕ್ಷರಕ್ಕೆ ನಾಲ್ಕು ಶತಮಾನಗಳಷ್ಟು ಹಿಂದೆಯೇ, ಬಾದಾಮಿಯ ಚಾಲುಕ್ಯ ವಿನಯಾದಿತ್ಯನ ತಾಮ್ರಪಟಗಳನ್ನು ಬರೆದವನು ಮಹಾಸಾಂಧಿವಿಗ್ರಹಿಕ ಶ್ರೀ ರಾಮಪುಣ್ಯವಲ್ಲಭನೆಂದು ಆ ಪಟಗಳೇ ತಿಳಿಸುತ್ತವೆ. ಸ್ವಹಸ್ತದ ವಿಧಿಗೆ ವಿಜಯನಗರದ ತಾಮ್ರಶಾಸನಗಳು ಸಾಕ್ಷಿ. ಸಂಸ್ಕೃತದಲ್ಲಿ ನಂದಿನಾಗರಿ ಲಿಪಿಯಿಂದ ಬರೆದ ಪಟದ ಕೊನೆಯಲ್ಲಿಯೂ ಶ್ರೀ ವಿರೂಪಾಕ್ಷ ಎಂಬ ರಾಜರ ಒಪ್ಪ ಕನ್ನಡ ಅಕ್ಷರಗಳಲ್ಲಿರುವುದು.

ರಾಜರ ಶಾಸನಕ್ಕಿಂತಲೂ ಜನರ ಲೇಖ್ಯದಲ್ಲಿ ಸ್ಮೃತಿಯ ಸೂಕ್ಷ್ಮತೆ ಹೆಚ್ಚು. ಸಾಲಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ, ಹೆಸರು, ಜಾತಿ, ಗೋತ್ರ, ತಂದೆಯ ಹೆಸರು ಇವು ಕಾಣಬೇಕು. ಬರೆದು ಮುಗಿದ ಬಳಿಕ ಸಾಲಗಾರನು ಮೇಲೆ ಬರೆದುದು ತನಗೆ ಸಮ್ಮತವೆಂದು ತನ್ನ ಕೈಯಿಂದಲೇ ಬರೆಯಬೇಕು. ಸಾಕ್ಷಿಗಳು ತಂದೆಯ ಹೆಸರಿನೊಡನೆ ತಮ್ಮ ಹೆಸರನ್ನು ಹಾಕಬೇಕು. ಕೊನೆಯಲ್ಲಿ ಲೇಖಕನು ಉಭಯರ ಪ್ರಾರ್ಥನೆಯಿಂದ ತಾನು ಬರೆದೆನೆಂದು ಒಪ್ಪ ಹಾಕಬೇಕು. ಸಾಲದಲ್ಲಿ ಒಂದು ಭಾಗವನ್ನು ತೀರಿಸಿದಾಗಲೆಲ್ಲ ಅದೇ ಪತ್ರದ ಬೆನ್ನಮೇಲೆ ಬರೆಯಬೇಕು. ಪೂರ್ತಿ ತೀರಿದಾಗ ಪತ್ರವನ್ನು ಹರಿದುಹಾಕಬೇಕು. ಅಕ್ಷರ ಓದಲಾಗದಂತಿದ್ದರೆ, ಅಳಿಸಿಹೋದರೆ, ಕಳವಾದರೆ, ಸುಟ್ಟರೆ, ಹರಿದರೆ ಬೇರೊಂದು ಪತ್ರವನ್ನು ಮಾಡಿಸಬೇಕು. ಬಲಾತ್ಕಾರದಿಂದಲೂ ಕಪಟದಿಂದಲೂ ಬರೆಸಿದ ಪತ್ರಕ್ಕೆ ಬೆಲೆಯಿಲ್ಲ.

ಇಷ್ಟಕ್ಕೂ ಮಿಗಿಲಾದುದು ಭಾಷೆಯ ವಿಷಯ. ಲೌಕಿಕವಾದ ಲೇಖ್ಯ ಸಂಸ್ಕೃತದ ಸಾಧುಶಬ್ದಗಳಿಂದಲೇ ಇರಬೇಕೆಂಬ ನಿಯಮವಿಲ್ಲ, ಆಯಾ ದೇಶಭಾಷೆಯಲ್ಲಿ ಬರೆಯಬಹುದು ಎಂಬುದು ವಿಜ್ಞಾನೇಶ್ವರನ ಅಭಿಪ್ರಾಯ. ಸಂಸ್ಕೃತದ ಮಹಾಪಂಡಿತನೊಬ್ಬನು ಸಂಸ್ಕೃತದಲ್ಲಿಯೇ ಬರೆದು ದೇಶಭಾಷೆಯ ಹಕ್ಕನ್ನು ಹೀಗೆ ಸ್ಥಾಪಿಸಿರುವುದು ಕನ್ನಡಿಗರು ನೆನೆಯತಕ್ಕ ಸಂಗತಿ. ಸಾಲಗಾರನಿಗೆ ತಿಳಿಯದ ಭಾಷೆಯಲ್ಲಿ ಅವನ ಸಮ್ಮತಿಯನ್ನು ಬರೆಸಿಕೊಂಡರೆ ಆ ಸಮ್ಮತಿಗೆ ಅರ್ಥವೇನು? ಕೌಟಿಲ್ಯನ ಸ್ಪಷ್ಟತ್ವ ಮಿತಾಕ್ಷರದಲ್ಲಿ ನ್ಯಾಯವಾಗಿ ಪರಿಣಮಿಸಿತು.

೬

ಕನ್ನಡನಾಡಿನ ಶಿಲಾಶಾಸನಗಳು ಈ ವಿಧಿಗಳನ್ನು ರೂಢಿಯಲ್ಲಿ ತೋರಿಸುತ್ತವೆ. ಉಭಯಭಾಷೆಯ ಶಾಸನಗಳಲ್ಲಿ ಸ್ತುತಿ, ವಂಶವರ್ಣನೆಗಳು ಸಾಮಾನ್ಯವಾಗಿ ಸಂಸ್ಕೃತದಲ್ಲಿರುವುವು. ಭೂಮಿಯ ಅಳತೆ, ಗಡಿಯ ಕಲ್ಲು, ಹಳ್ಳ, ಮರ, ತೆರಿಗೆಯ ಹೆಸರು, ಒಪ್ಪಂದದ ನಿಬಂಧನೆ ಇವು ಬಂದೊಡನೆ ಬರೆಹ ಕನ್ನಡಕ್ಕೆ ಇಳಿಯುವುದು. ದೊರೆಯ ಕೀರ್ತಿಯನ್ನು ಲೋಕವೆಲ್ಲ ತಿಳಿಯಲಿ; ಗದ್ದೆಯ ಮೇರೆ ಎಲ್ಲಿಗೆಂಬುದನ್ನು ಊರಿನವನು ತಿಳಿಯಬೇಕು. ಶಾಸನದ ಲೇಖಕರು ಈ ವಿವೇಕವನ್ನು ಎಲ್ಲಿಯೂ ಸೂತ್ರವಾಗಿ ಹೇಳಲಿಲ್ಲ. ಕಲ್ಲಿನ ಮೇಲೆ ಮಾಡಿ ತೋರಿಸಿದರು. ಈ ಸೇನಬೋವರು ಅರ್ಥಶಾಸ್ತ್ರವನ್ನು ಓದಿ ಬರೆದರೆಂದು ಹೇಳುವುದಕ್ಕೆ ಆಧಾರವಿಲ್ಲ. ಪತ್ರ ಬರೆದು ಬದುಕಿದವರು ತಲೆಮಾರಿನಿಂದ ತಲೆಮಾರಿಗೆ ಕಲಿಸಿದ ಕೈಕಸಬು ಇದು. ತಾನು ಶಾಸ್ತ್ರಗಳನ್ನು ಪರಿಶೀಲಿಸಿದ್ದಲ್ಲದೆ ಪ್ರಯೋಗವನ್ನೂ ನೋಡಿ ಈ ವಿಧಿಯನ್ನು ಮಾಡಿದೆನೆಂದು ಕೌಟಿಲ್ಯನೂ ಅಧ್ಯಾಯದ ಕೊನೆಯಲ್ಲಿ ಹೇಳಿಕೊಂಡಿರುವುದರಿಂದ, ಅವನ ಗ್ರಂಥಕ್ಕೂ ಇಂಥ ಕಸಬೇ ಮೂಲವೆಂದು ಊಹಿಸಬಹುದು.

ಒಂದು ನಿದರ್ಶನವನ್ನು ಪರೀಕ್ಷಿಸುವುದು ಯುಕ್ತ. ಶ್ರವಣಬೆಳ್ಗೊಳದಲ್ಲಿ ಶಕ ೧೨೯೦, ಎಂದರೆ ಕ್ರಿ. ಶ. ೧೩೬೮ನೆಯ ವರ್ಷದ ಬುಕ್ಕರಾಯನ ಶಾಸನ ಪ್ರಸಿದ್ಧವಾದುದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹುಟ್ಟಿ, ಹಲವು ನಾಡುಗಳ ಜೈನರು ರಾಯನಿಗೆ ಬಿನ್ನಹ ಮಾಡಿಕೊಂಡರು. ಶಾಸನ ಕಾಲವನ್ನು ಹೇಳಿ, ಬಿನ್ನಹ ಮಾಡಿದವರನ್ನು ನಾಡುಗಳ ಹೆಸರಿನೊಡನೆ ಗುರುತಿಸಿ, ದೂರನ್ನು ಸಂಕ್ಷೇಪವಾಗಿ ತಿಳಿಸಿ, ನೇರವಾಗಿ ತೀರ್ಪಿಗೆ ಬರುವುದು. ರಾಯನು ಆಚಾರ್ಯರ ಮತ್ತು ಸಮಸ್ತ ಶ್ರೀವೈಷ್ಣವರ ಸಮಕ್ಷದಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಪಂಚಮಹಾವಾದ್ಯಗಳೂ ಕಳಶವೂ ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಸಲ್ಲತಕ್ಕವೆಂದು ನಿರ್ಣಯವಾಯಿತು. ಜೈನರಿಗೆ ಬರುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ಹಾನಿವೃದ್ಧಿಗಳೆಂದೇ ಎಣಿಸಬೇಕು. ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸಬೇಕು.

ತೀರ್ಪು ಇಷ್ಟಕ್ಕೆ ನಿಂತಿದ್ದರೆ ಅದು ಒಳ್ಳೆಯ ಮಾತಾಗಿ ಮಾತ್ರ ಉಳಿಯುತ್ತಿತ್ತು. ಮುಂದಿನ ಭಾಗದಲ್ಲಿ ಅದಕ್ಕೆ ವೆಚ್ಚದ ಏರ್ಪಾಡಿದೆ. ಜೈನರ ಪ್ರತಿಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತತಕ್ಕದ್ದು. ಆ ಹೊನ್ನಿನಿಂದ ತಿರುಮಲೆಯ ತಾತಯ್ಯನು ಬೆಳ್ಗೊಳದ ದೇವರ ಕಾವಲಿಗೆ ೨೦ ಜನರನ್ನು ನೇಮಿಸತಕ್ಕದ್ದು. ಉಳಿದುದನ್ನು ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಮೊದಲಾದ ದುರಸ್ತಿಗೆ ಉಪಯೋಗಿಸತಕ್ಕದ್ದು. ಯಾರು ಕೊಡಬೇಕು, ಎಷ್ಟು ಕೊಡಬೇಕು, ಯಾರ ಕೈಗೆ, ಯಾವ ಕಾರ್ಯಕ್ಕೆ, ಮಿಕ್ಕುದನ್ನು ಏನು ಮಾಡಬೇಕು ಎಂಬ ಐದು ಪ್ರಶ್ನೆಗಳಿಗೂ ಇಲ್ಲಿ ಉತ್ತರವುಂಟು. ಕಾವಲಿನ ಹಣ ಜೈನರದು, ಅದನ್ನು ನಡೆಸುವ ಭಾರ ವೈಷ್ಣವ ಮುಖ್ಯನದು. ಆದುದರಿಂದ ಒಪ್ಪಂದವನ್ನು ಮುರಿಯುವುದು ಎರಡು ಪಕ್ಷಕ್ಕೂ ಕಷ್ಟವಾಯಿತು. ತಪ್ಪಿದವರು ರಾಜದ್ರೋಹಿಗಳೂ ಸಂಘಸಮುದಾಯಗಳಿಗೆ ದ್ರೋಹಿಗಳೂ ಆಗುವರೆಂದು ಶಾಸನ ಹೇಳುತ್ತದೆ.

ಪ್ರಧಾನವಾದುದು ಮೊದಲು, ಪೂರ್ವಾಪರವಿರೋಧವಿಲ್ಲ, ಬೇಕಾದುದರಲ್ಲಿ ಒಂದೂ ಕೊರತೆಯಾಗಿಲ್ಲ, ಮಾತು ಊರಿನವರಿಗೆ ತಿಳಿಯುವ ಮಾತು. ಕೌಟಿಲ್ಯನ ಆರು ಗುಣಗಳಿಗೆ ಇದಕ್ಕಿಂತ ಉಚಿತವಾದ ಲಕ್ಷ್ಯವನ್ನು ಹುಡುಕುವುದು ಕಷ್ಟ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದೇ ಶಾಸನದ ಇನ್ನೊಂದು ಪ್ರತಿ ಸಿಕ್ಕಿರುವುದರಿಂದ, ಎಲ್ಲೆಡೆಯೂ ನಿಲ್ಲಿಸಬೇಕೆಂಬ ವಿಧಿ ಕಾರ್ಯಕ್ಕೆ ಬಂದಿತೆಂದೂ, ಇದು ನಿಜವಾಗಿ ಸರ್ವತ್ರಗ ಶಾಸನವೆಂದೂ ತಿಳಿಯುತ್ತದೆ.

೭

ಕಲ್ಲು ತಾಮ್ರಗಳ ಮೇಲೆ ಬರೆದುದು ಶಾಶ್ವತವಾದ ವಿಷಯಗಳನ್ನು ಮಾತ್ರ. ದಿನದಿನದ ವ್ಯವಹಾರ ನಡೆದುದು ಓಲೆ, ಕಡತ, ಕಾಗದಗಳ ಮೇಲೆ. ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ಕೊನೆಗೂ ಹಲಗೆಯನ್ನು ಕೂಡಿಸಿದರೆ ಕಡತವಾಯಿತು. ಬರೆಯುವುದು ಬಳಪದಿಂದ. ೧೮೧೦ರಲ್ಲಿ ತನ್ನ ಮೈಸೂರಿನ ಚರಿತ್ರೆಯ ಮೊದಲನೆಯ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಎಂಬ ಅಧಿಕಾರಿ ಇದನ್ನು ವಿವರವಾಗಿ ವರ್ಣಿಸಿ, ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದೆಂಬುದನ್ನೂ ತಿಳಿಸಿರುತ್ತಾನೆ. ಕಡತದ ಅನುಕೂಲವೂ ಅಪಾಯವೂ ಇದೇ. ಅಳಿಸಿಹೋದ ಲೇಖ್ಯಕ್ಕೆ ಬೇರೊಂದನ್ನು ಮಾಡಿಸಬೇಕೆಂಬ ಸ್ಮೃತಿಯ ಮಾತು ಇಂಥ ಸಾಧನಗಳನ್ನು ಬಲ್ಲವರಿಗೆ ಚೆನ್ನಾಗಿ ಅರ್ಥವಾಗತಕ್ಕದ್ದು.

ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಅಂಚೆಯ ಏರ್ಪಾಡನ್ನೂ ೧೮ ಕಚೇರಿಗಳನ್ನೂ ಸ್ಥಾಪಿಸಿದರೆಂಬ ಐತಿಹ್ಯವನ್ನು ವಿಲ್ಕ್ಸ್ ದಾಖಲೆಮಾಡಿದ್ದಾನೆ. ಅಂಚೆಯವರು ಕಾಗದಗಳನ್ನು ಸಾಗಿಸುವುದಲ್ಲದೆ ತಮ್ಮ ತಮ್ಮ ಸೀಮೆಯಲ್ಲಿ ನಡೆದ ಸಂಗತಿಗಳನ್ನು ದೊರೆಗೆ ಅರಿಕೆಮಾಡಬೇಕಾಗಿತ್ತು. ಇದು ಕೌಟಿಲ್ಯನ ಪ್ರಾವೃತ್ತಿಕದ ಹೊಸ ರೂಪವೆನ್ನಬಹುದು.

ಪಡೆಯುವವನಿಗೆ ಅನುರೂಪವಾಗಿ ಬರೆಯಬೇಕೆಂಬ ವಿಧಿಗೆ ಶೃಂಗೇರಿ ಮಠದ ಕಾಗದಗಳು ಒಳ್ಳೆಯ ನಿದರ್ಶನ. ಮೈಸೂರು ಪ್ರಾಕ್ತನವಿಮರ್ಶ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಟಿಪ್ಪು ಸುಲ್ತಾನನು ಅಲ್ಲಿಯ ಸ್ವಾಮಿಗಳಿಗೆ ಬರೆದ ಪತ್ರಗಳನ್ನು ಬೆಳಕಿಗೆ ತಂದರು. ಆ ಆಸ್ಥಾನದಲ್ಲಿ ಪಾರಸಿಗೆ ದೊಡ್ಡ ಸ್ಥಾನವಿತ್ತು. ಆದರೂ ಮಠಕ್ಕೆ ಹೋದ ಈ ಪತ್ರಗಳು ಕನ್ನಡದಲ್ಲಿವೆ. ಸ್ವಾಮಿಗಳಿಗೆ ಜಗದ್ಗುರುಗಳೆಂಬ ಮರ್ಯಾದೆ ಸಲ್ಲುತ್ತದೆ. ೧೭೯೧ರಲ್ಲಿ ಮರಾಠರ ಸವಾರರು ಶೃಂಗೇರಿಯನ್ನು ಸೂರೆಮಾಡಿದ ಸಂದರ್ಭದವು ಇವುಗಳಲ್ಲಿ ಮುಖ್ಯವಾದುವು. ಆಪತ್ತಿನ ಬಿನ್ನಹಕ್ಕೆ ಉತ್ತರ, ನೆರವಿನ ಏರ್ಪಾಡು, ಅಧಿಕಾರಿಗೆ ಮಾಡಿದ ಅಪ್ಪಣೆಯ ತಿಳಿವಳಿಕೆ, ರಾಜ್ಯಕ್ಷೇಮಕ್ಕಾಗಿ ಪ್ರಾರ್ಥನೆ ಇವು ಒಂದರ ಹಿಂದೊಂದಾಗಿ ಬರುವುವು. ರಾಜನೀತಿಯ ಲೆಕ್ಕಾಚಾರ ಇದರಲ್ಲಿ ಎಷ್ಟು, ಭಕ್ತಿ ಎಷ್ಟು ಎಂಬುದು ಇತಿಹಾಸಜ್ಞರ ಚರ್ಚೆಗೆ ಸೇರಿದ್ದು. ಪತ್ರಲೇಖನದ ದೃಷ್ಟಿಯಿಂದ ಸ್ಥಾನ, ಶೀಲ, ದೇಶಗಳನ್ನು ಎಣಿಸಿ ಬರೆದ ಪತ್ರಗಳಿವು ಎಂಬುದರಲ್ಲಿ ಸಂದೇಹವಿಲ್ಲ.

೮

ಮೇಲಿನ ಪರಿಶೀಲನೆಯಿಂದ ಫಲಿಸುವುದಿಷ್ಟು. ವ್ಯವಹಾರದ ಬರೆಹಕ್ಕೆ ಗುಣದೋಷಶಾಸ್ತ್ರವೊಂದು ನಮ್ಮಲ್ಲಿ ಬಹುಕಾಲದ ಹಿಂದೆಯೇ ಹುಟ್ಟಿತು. ಅದು ಕಾವ್ಯಶಾಸ್ತ್ರದ ಸೋದರ. ಧರ್ಮಶಾಸ್ತ್ರದಲ್ಲಿ ಅದು ಪ್ರಜೆಯ ರಕ್ಷೆಯಾಗಿ ಬೆಳೆದು, ದೇಶಭಾಷೆಯಲ್ಲಿ ಬರೆಯುವ ಅಧಿಕಾರವನ್ನು ಕೊಟ್ಟಿತು. ಕನ್ನಡದ ಸೇನಬೋವರೂ ಕರಣಿಕರೂ ಅದನ್ನು ಶಿಲೆಯಲ್ಲಿಯೂ ಕಡತದಲ್ಲಿಯೂ ನಡೆಸಿಕೊಂಡು ಬಂದರು. ಇಂಗ್ಲಿಷರ ಕಚೇರಿ ಕೊಟ್ಟುದು ಇಲ್ಲವೆಂದಲ್ಲ. ಮುದ್ರಿತವಾದ ನಮೂನೆ, ಅಂಕಿಅಂಶಗಳ ವಾರ್ಷಿಕ ವರದಿ, ಪತ್ರಗಳಿಗೆ ಕ್ರಮಸಂಖ್ಯೆ ಇವೇ ಮೊದಲಾದುವು ಆ ಆಡಳಿತದಲ್ಲಿ ನೆಲೆಗೊಂಡುವು. ಆದರೆ ಸ್ಪಷ್ಟತೆಯನ್ನು ಅದು ಹೊಸದಾಗಿ ಕಲಿಸಿತೆನ್ನುವುದು ಚರಿತ್ರೆಗೆ ಒಪ್ಪುವುದಿಲ್ಲ.

೧೯೬೩ರಲ್ಲಿ ಅಂದಿನ ಮೈಸೂರು ರಾಜ್ಯ ಆಡಳಿತಭಾಷೆಯ ಕಾಯಿದೆಯನ್ನು ಮಾಡಿ ಕನ್ನಡಕ್ಕೆ ಕಚೇರಿಯಲ್ಲಿ ಪೀಠವನ್ನು ಕೊಟ್ಟಿತು. ಕಾಯಿದೆಯಿಂದ ಭಾಷೆಗೆ ಸ್ಥಾನ ಬರಬಹುದು; ಗುಣ ಬರಲಾರದು. ಇಂಗ್ಲಿಷಿನ ವಾಕ್ಯವನ್ನು ಮುಂದಿಟ್ಟುಕೊಂಡು ಅದರ ಮಡಿಕೆಗಳನ್ನೆಲ್ಲ ಕನ್ನಡದ ಪದಗಳಿಂದ ತುಂಬಿದರೆ, ಅಕ್ಷರ ಕನ್ನಡವಾದರೂ ಅರ್ಥ ಓದುಗನಿಗೆ ದೂರವೇ. ತನ್ನ ಹೊಲದ ವಿಷಯವಾಗಿ ಬಂದ ತಿಳಿವಳಿಕೆಪತ್ರವನ್ನು ಕನ್ನಡ ಬಲ್ಲ ರೈತನು ಇನ್ನೊಬ್ಬನ ಕೈಗೆ ಕೊಟ್ಟು ಅರ್ಥ ಕೇಳಬೇಕಾದರೆ, ಅಲ್ಲಿ 'ಪ್ರತೀತಶಬ್ದ' ಇಲ್ಲವೆಂದೇ ಹೇಳಬೇಕು. ಪ್ರಧಾನವಾದ ವಿಷಯ ನಾಲ್ಕನೆಯ ಪುಟದಲ್ಲಿ ಅಡಗಿದ್ದರೆ ಅಲ್ಲಿ ಅರ್ಥಕ್ರಮವಿಲ್ಲ. ಒಂದೇ ಉಲ್ಲೇಖ ಮೂರು ಸಲ ಬಂದರೆ ಅದು ಪುನರುಕ್ತ. ಈ ದೋಷಗಳಿಗೆ ಹೆಸರನ್ನು ಹೊರಗಿನಿಂದ ತರಬೇಕಾದುದಿಲ್ಲ.

ಶಾಲೆ ಕಾಲೇಜುಗಳಲ್ಲಿ ಕಾವ್ಯದ ಗುಣದೋಷಗಳನ್ನು ಬೋಧಿಸುವ ಅಧ್ಯಾಪಕರು ಅವುಗಳ ಜೊತೆಯಲ್ಲಿ ಲೇಖಗುಣಗಳನ್ನೂ, ಪಂಪ ರನ್ನರ ಪದ್ಯಗಳ ಜೊತೆಯಲ್ಲಿ ಬುಕ್ಕರಾಯನ ಶಾಸನದಂಥ ಗದ್ಯವನ್ನೂ ಪಾಠಕ್ಕೆ ತೆಗೆದುಕೊಂಡರೆ, ಮುಂದೆ ಕಚೇರಿಗಳಲ್ಲಿ ಕುಳಿತು ಬರೆಯುವವರಿಗೆ ಮಾದರಿ ತಮ್ಮ ಭಾಷೆಯೊಳಗೇ ದೊರೆಯುವುದು. ಆರು ಶತಮಾನಗಳಿಗೂ ಹಿಂದೆ ಎರಡು ಮತದವರ ಜಗಳವನ್ನು ತೀರಿಸಿದ ತೀರ್ಪನ್ನು ಬೆಳ್ಗೊಳದ ಕಲ್ಲಿನ ಮುಂದೆ ನಿಂತವನು ಇಂದಿಗೂ ಅರ್ಥಮಾಡಿಕೊಳ್ಳಬಲ್ಲನು. ಅದನ್ನು ಬರೆದವನ ಯೋಗ್ಯತೆಗೆ ಬೇರೆ ಪ್ರಮಾಣ ಬೇಕಿಲ್ಲ.